ಹಲ್ಲಿಗೊಂದು ಮಗ್ಗಿ

ಸಮಸ್ತ ನಾಗರಿಕರ, ಅದರಲ್ಲೂ ಹಲ್ಲುಳ್ಳ ನಾಗರಿಕರ ಅವಗಾಹನೆಗೆ ತರುವುದೇನೆಂದರೆ, ಆರೋಗ್ಯ ಕೇಂದ್ರದ ಹಿಂದಿರುವ ಪ್ರಾಥಮಿಕ ಶಾಲೆಯ ಐದನೇ ತರಗತಿಯಲ್ಲಿ ಬ್ರಷ್ಷುಗಳ ಕಪಾಟನ್ನು ನಲ್ಲಿಯ ಪಕ್ಕದಿಂದ ಕಿತ್ತು ಕರಿಹಲಗೆಯ ಪಕ್ಕಕ್ಕೆ ಹೊಡೆಯಲಾಗಿದೆ. ಮೊಳೆಗಳು ಹಳೆಯವೇ. ಹಳೆಯ ಗೋಡೆಯಲ್ಲಿ ಉಳಿದ ತೂತುಗಳನ್ನು ತುಂಬಲಾಗಿದೆ; ಹುಳುಕು ತುಂಬುವುದು ಆರೋಗ್ಯ ಕೇಂದ್ರದವರಿಗೆ ಹೊಸದೇನಲ್ಲ. ಈ ಸ್ಥಳಾಂತರದಿಂದ ಯಾರಿಗಾದರೂ ತೊಂದರೆಯಾಗಿದ್ದರೆ ಅವರು ಬಾಯಿ ಬಿಟ್ಟು ಹೇಳತಕ್ಕದ್ದು.

ಬಾಯಿ ಬಿಡಿಸುವುದರಲ್ಲಿ ಡಾಕ್ಟರಮ್ಮನದು ಪಳಗಿದ ಕೈ. ಆರೋಗ್ಯ ಕೇಂದ್ರಕ್ಕೆ ಇರುವ ಹಲ್ಲಿನ ಡಾಕ್ಟರು ಅವರೊಬ್ಬರೇ. ಊರಿನ ಅರ್ಧ ಜನ ಅವರ ಮುಂದೆ ಬಾಯಿ ತೆರೆದವರು; ಉಳಿದರ್ಧ ಜನ ಅವರನ್ನು ದಾರಿಯಲ್ಲಿ ಕಂಡರೆ ಬಾಯಿ ಮುಚ್ಚಿಕೊಳ್ಳುವವರು. ಅವರ ಕೋಣೆಯಲ್ಲಿ ಒದ್ದರೆ ಮಾತ್ರ ಮೇಲೇಳುವ ಒಂದು ಕುರ್ಚಿ, ಎತ್ತ ತಿರುಗಿಸಿದರೂ ರೋಗಿಯ ಕಣ್ಣಿಗೇ ಬೆಳಕು ಬಿಡುವ ಒಂದು ದೀಪ, ಮತ್ತು ಶಾಲೆಯ ಮೈದಾನಕ್ಕೆ ತೆರೆದುಕೊಳ್ಳುವ ಒಂದು ಕಿಟಕಿ. ಆ ಕಿಟಕಿಯಲ್ಲಿ ನಿಂತು ಅವರು ವರ್ಷಗಟ್ಟಲೆ ಒಂದೇ ದೃಶ್ಯ ನೋಡಿದ್ದರು: ಮೈದಾನದಲ್ಲಿ ಕುಣಿಯುವ ಮಗು, ಕೆಲವೇ ದಿನಗಳಲ್ಲಿ ಕೆನ್ನೆ ಊದಿಸಿಕೊಂಡು ಇದೇ ಕುರ್ಚಿಗೆ ಬರುವುದು.

"ಈ ಕೋಣೇಲಿ ನಾನು ಮಾಡೋದೆಲ್ಲ ಬೆಂಕಿ ಬಿದ್ದಾಗ ಬಾವಿ ತೋಡೋ ಕೆಲಸ. ಇಲ್ಲಿ ಬಾವೀನೂ ಹಲ್ಲಲ್ಲೇ ತೋಡಿರುತ್ತೆ" ಎನ್ನುತ್ತಿದ್ದರು.

ಹಾಗಾಗಿ ಒಂದು ದಿನ ಅವರು ಏಪ್ರನ್ನಿನ ಜೇಬಿನ ತುಂಬ ಬ್ರಷ್ಷು ತುಂಬಿಕೊಂಡು ಮೈದಾನ ದಾಟಿ ಶಾಲೆಗೇ ಹೋದರು. ಮಧ್ಯಾಹ್ನದ ಊಟವಾದ ಮೇಲೆ ಮಕ್ಕಳೆಲ್ಲ ಹಲ್ಲುಜ್ಜಬೇಕು ಎಂದರು. ಐದನೇ ತರಗತಿಯ ಟೀಚರ್ ಅಲ್ಲೇ ತಕರಾರು ತೆಗೆದರು.

"ಡಾಕ್ಟರಮ್ಮ, ನನಗೆ ಮಗ್ಗಿ ಹೇಳಿಸೋಕೇ ಟೈಮ್ ಸಾಕಾಗಲ್ಲ. ಹಲ್ಲುಜ್ಜಿಸೋಕೆ ಟೈಮ್ ಎಲ್ಲಿಂದ ತರಲಿ?"

"ಹಾಗಾದ್ರೆ ಎರಡೂ ಒಟ್ಟಿಗೇ ಮಾಡ್ಸಿ."

"ಬಾಯಲ್ಲಿ ನೊರೆ ಇಟ್ಕೊಂಡು ಮಗ್ಗಿ ಹೇಳೋಕಾಗುತ್ತಾ?"

"ಅರ್ಧ ಜನ ಉಜ್ಜಲಿ, ಅರ್ಧ ಜನ ಹೇಳಲಿ. ಆಮೇಲೆ ಅದಲು ಬದಲು."

ಇದಿಷ್ಟೇ ಕಥೆಯ ಬೀಜ. ಮಕ್ಕಳು ಜೋಡಿ ಜೋಡಿಯಾಗಿ ಎದುರು ಬದುರು ಕೂರುತ್ತಾರೆ. ಒಬ್ಬರು ಉಜ್ಜುತ್ತಾರೆ, ಎದುರಿನವರು ಮಗ್ಗಿ ಹೇಳುತ್ತಾರೆ. ಹನ್ನೆರಡರ ಮಗ್ಗಿಗೆ ಮೇಲಿನ ಬಲಸಾಲು, ಹದಿಮೂರಕ್ಕೆ ಮೇಲಿನ ಎಡಸಾಲು, ಹದಿನಾಲ್ಕಕ್ಕೆ ಕೆಳಗಿನ ಎಡ, ಹದಿನೈದಕ್ಕೆ ಕೆಳಗಿನ ಬಲ. ಮಗ್ಗಿ ಮುಗಿಯುವ ತನಕ ಬ್ರಷ್ಷು ಆ ಸಾಲು ಬಿಟ್ಟು ಕದಲುವಂತಿಲ್ಲ. ಗಡಿಯಾರ ಬೇಡ, ಕನ್ನಡಿ ಬೇಡ. ಎದುರು ಕೂತವನೇ ಗಡಿಯಾರ, ಅವನೇ ಕನ್ನಡಿ. ಕೊನೆಗೆ ಕಾಗದದ ಲೋಟಕ್ಕೆ ಉಗಿಯುವುದು. ಬಾಯಿ ಮುಕ್ಕಳಿಸುವಂತಿಲ್ಲ. ಪೇಸ್ಟಿನಲ್ಲಿರುವ ಔಷಧಿ ಹಲ್ಲಿನ ಮೇಲೆ ಕೂತು ಕೆಲಸ ಮಾಡಬೇಕು, ನೀರು ಹಾಕಿದರೆ ಎದ್ದು ಹೋಗುತ್ತದೆ. ನಲ್ಲಿ ಪಕ್ಕದಲ್ಲೇ ಇದ್ದರೆ ಮಕ್ಕಳ ಕೈ ಸುಮ್ಮನಿರುವುದಿಲ್ಲವಲ್ಲ, ಕಪಾಟು ಕರಿಹಲಗೆಯ ಪಕ್ಕಕ್ಕೆ ಹೋಗಿದ್ದು ಅದಕ್ಕೇ. ಬಾಯಿಪಾಠ ಎಂಬ ಮಾತಿಗೆ ಅಷ್ಟು ಕಾಲದ ಮೇಲೆ ನಿಜವಾದ ಅರ್ಥ ಸಿಕ್ಕಿದ್ದು ಆ ತರಗತಿಯಲ್ಲಿ.

ಕೆಲವು ವರ್ಷಗಳಲ್ಲಿ ಊದಿದ ಕೆನ್ನೆಗಳು ಕಡಿಮೆಯಾದವು. ಕುರ್ಚಿಗೆ ಒದೆ ತಿನ್ನುವ ಯೋಗ ತಪ್ಪಿತು. ಡಾಕ್ಟರಮ್ಮನ ತಲೆ ತಿನ್ನುತ್ತಿದ್ದದ್ದು ಮಾತ್ರ ಬೇರೆ. ಈ ವರ್ಷ ಶಾಲೆ ಮುಗಿಯುವಾಗ ಅವರ ನೌಕರಿಯೂ ಮುಗಿಯುತ್ತದೆ. ಅವರ ಜಾಗಕ್ಕೆ ಬರುವವರು ಕೋಣೆಯೊಳಗೆ ಕೂತು ಹಲ್ಲು ಕಿತ್ತರೆ ಸಾಕು. ಮೈದಾನ ದಾಟಿ ಶಾಲೆಗೆ ಹೋಗಬೇಕೆಂದು ಯಾವ ಆದೇಶದಲ್ಲೂ ಇಲ್ಲ. ತಾನು ಹೋದ ಮೇಲೆ ಬ್ರಷ್ಷುಗಳು ಕಪಾಟಿನಲ್ಲೇ ಒಣಗಿದರೆ? ಅದೊಂದು ಯೋಚನೆ ಅವರಿಗೆ ಹಲ್ಲುನೋವಿನ ಹಾಗೆ, ಹಗಲು ಸುಮ್ಮನಿದ್ದು ದಿಂಬಿಗೆ ತಲೆ ಕೊಟ್ಟಾಗ ಎದ್ದು ಕೂರುತ್ತಿತ್ತು.

ಇಂಥ ಹೊತ್ತಿನಲ್ಲಿ ಬಂದವರು ಸ್ಲೈಡು ಸಾಹೇಬರು. ಇವರು ಇಲಾಖೆಯ ಅಧಿಕಾರಿ. ಒಂದು ಊರಲ್ಲಿ ನಡೆಯುವ ಒಳ್ಳೆಯ ಕೆಲಸವನ್ನು ಹುಡುಕಿ ಹತ್ತು ಊರಿಗೆ ಹಂಚುವುದು ಇವರ ವಿಭಾಗದ ಕೆಲಸ. ಏನು ಕಂಡರೂ ಪರದೆಯ ಮೇಲೆ ತೋರಿಸುವ ಸ್ಲೈಡು ಮಾಡುತ್ತಿದ್ದರಿಂದ ಆ ಹೆಸರು. ಇವರು ನಡೆಸಿದ ಹಂಚಿಕೆ ಸಭೆಗಳಲ್ಲಿ ಇದುವರೆಗೆ ಸಮನಾಗಿ ಹಂಚಿಕೆಯಾಗಿದ್ದು ಬಿಸ್ಕತ್ತು ಮಾತ್ರ. ಆದರೂ ಮನುಷ್ಯ ಒಳ್ಳೆಯವರು; ಒಳ್ಳೆಯದನ್ನು ಕಂಡರೆ ಕಣ್ಣರಳಿಸುವ ಗುಣ ಇನ್ನೂ ಅವರಲ್ಲಿ ಸವೆದಿರಲಿಲ್ಲ.

"ಸಾರ್, ಕೂತ್ಕೊಳ್ಳಿ" ಎಂದು ಡಾಕ್ಟರಮ್ಮ ಮಕ್ಕಳ ಪುಟ್ಟ ಬೆಂಚು ತೋರಿಸಿದರು.

"ಪರವಾಗಿಲ್ಲ, ನಾನು ನಿಂತೇ ನೋಡ್ತೀನಿ."

"ನೋಡೋಕೆ ಇದೇನ್ ಸರ್ಕಸ್ಸಾ? ತಗೊಳ್ಳಿ ಬ್ರಷ್ಷು. ಬಂದೋರೆಲ್ಲ ಉಜ್ಜಿಯೇ ಹೋಗ್ಬೇಕು, ಅದು ನಮ್ಮ ರೂಲು. ನೋಡಿದ್ದು ಮರೆತುಹೋಗುತ್ತೆ ಸಾರ್, ಉಜ್ಜಿದ್ದು ಮರೆಯಲ್ಲ."

ಅಕ್ಕಪಕ್ಕದ ಶಾಲೆಗಳಿಂದ ನೋಡಲು ಬಂದ ಟೀಚರುಗಳಿಗೂ ಅವರು ಹೀಗೆಯೇ ಮಾಡುತ್ತಿದ್ದರು. ಭಾಷಣವಿಲ್ಲ, ಹಂಚುವ ಪುಸ್ತಕವಿಲ್ಲ. ಬೆಂಚಿನ ಮೇಲೆ ಕೂರಿಸಿ, ಮಂಡಿ ಗದ್ದಕ್ಕೆ ತಾಗುವಂತೆ ಮುದುಡಿಸಿ, ಉಜ್ಜಿಸಿ, ಉಗಿಸಿ ಕಳಿಸುವುದು. ಉಗಿಸಿಕೊಂಡು ಹೋದವರಂತೂ ಬಹಳ ಜನ ಇದ್ದಾರೆ. ಉಗಿದು ಕಲಿತು ಹೋದವರು ಇವರೇ ಮೊದಲು.

ಸಾಹೇಬರ ಎದುರಿಗೆ ಕೂತವಳು ಎರಡು ಕೋರೆಹಲ್ಲು ಬಿದ್ದ, 'ಕಿಟಕಿ' ಎಂದೇ ಎಲ್ಲರೂ ಕರೆಯುವ ಹುಡುಗಿ. ಮೊದಲು ಅವಳು ಉಜ್ಜಬೇಕು, ಸಾಹೇಬರು ಮಗ್ಗಿ ಹೇಳಬೇಕು. ಹನ್ನೆರಡರದ್ದು ಮರ್ಯಾದೆಯಾಗಿ ಮುಗಿಯಿತು. ಹದಿಮೂರು ಶುರುವಾಯಿತು.

"ಹದಿಮೂರೈದ್ಲಿ ಅರವತ್ತೈದು, ಹದಿಮೂರಾರ್ಲಿ ಎಪ್ಪತ್ತೆಂಟು, ಹದಿಮೂರೇಳ್ಲಿ..."

ಸಾಹೇಬರು ಮೇಲೆ ನೋಡಿದರು. ಸೂರಿನಲ್ಲಿ ಉತ್ತರವಿರಲಿಲ್ಲ. ಕಿಟಕಿ ಕಣ್ಣು ದೊಡ್ಡದು ಮಾಡಿಕೊಂಡು, ಮೇಲಿನ ಎಡಸಾಲನ್ನು ಉಜ್ಜುತ್ತಲೇ ಇದ್ದಳು. ನೊರೆ ಗದ್ದಕ್ಕೆ ಇಳಿಯಿತು.

"ಹದಿಮೂರೇಳ್ಲಿ... ತೊಂಬತ್ತೊಂದು!"

ಮುಗಿದ ಮೇಲೆ ಹುಡುಗಿ ಲೋಟಕ್ಕೆ ಉಗಿದು, "ಸಾರ್, ನಿಮ್ಮಿಂದ ನನ್ನ ಕೈಯೆಲ್ಲ ನೋವು" ಎಂದಳು.

ಡಾಕ್ಟರಮ್ಮ ನಗುತ್ತ ಒಂದು ಪುಟ್ಟ ಸೀಸೆ ತೆಗೆದರು. ಅದರಲ್ಲಿ ಗುಲಾಬಿ ಬಣ್ಣದ ದ್ರಾವಣ. ಹಲ್ಲಿನ ಮೇಲೆ ತೊಟ್ಟು ಹಾಕಿದರೆ ಕೊಳೆ ಇರುವ ಕಡೆ ಬಣ್ಣ ಕೂರುತ್ತದೆ, ಶುದ್ಧವಾದ ಕಡೆ ಜಾರಿಹೋಗುತ್ತದೆ. "ನೋಡಿ ಸಾರ್. ನಾಲ್ಕೂ ಕಡೆ ಚೆನ್ನಾಗಿದೆ. ಆದ್ರೆ ಮೇಲೆ ಎಡಗಡೆ ನೋಡಿ, ಫಳಫಳ! ನಮ್ಮಲ್ಲಿ ಎಲ್ಲಾ ಮಕ್ಕಳದ್ದೂ ಹೀಗೇ. ಹದಿಮೂರರ ಮಗ್ಗಿಗೆ ಎಲ್ರೂ ತಡವರಿಸ್ತಾರೆ. ಒಬ್ಬರು ಯೋಚನೆ ಮಾಡೋ ತನಕ ಇನ್ನೊಬ್ಬರು ಉಜ್ಜುತ್ತಾನೇ ಇರ್ತಾರೆ."

ಸಾಹೇಬರು ಬೆಂಚಿನಿಂದ ಏಳಲಿಲ್ಲ. ಕಾಲು ಜೋಮು ಹಿಡಿದಿತ್ತು, ನಿಜ. ಆದರೆ ಮನಸ್ಸೂ ಅಲ್ಲೇ ಕೂತುಬಿಟ್ಟಿತ್ತು. "ಡಾಕ್ಟರಮ್ಮ, ನಾನು ಇಷ್ಟು ವರ್ಷ ಸುತ್ತಿದ್ದೀನಿ. ಯಂತ್ರ ನೋಡಿದೀನಿ, ವ್ಯಾನ್ ನೋಡಿದೀನಿ, ಹಲ್ಲಿನ ವೇಷ ಹಾಕ್ಕೊಂಡು ಕುಣಿಯೋರನ್ನ ನೋಡಿದೀನಿ. ಇಂಥದ್ದು ನೋಡಿರ್ಲಿಲ್ಲ. ಇದು ದಂತಕಥೆ ಆಗ್ಬೇಕು."

"ದಂತಕಥೆ ಆಗೋದು ಬೇಡ ಸಾರ್, ಅದನ್ನ ಯಾರೂ ನಂಬಲ್ಲ. ಆದೇಶ ಆಗ್ಲಿ. ನಾನು ಹೋದ ಮೇಲೂ ನಡೀಲಿ, ಅಷ್ಟೇ ನನ್ನ ಆಸೆ."

"ಮಾಡಿಸ್ತೀನಿ. ಎಲ್ಲಾ ಶಾಲೇಲೂ ಕಡ್ಡಾಯ ಮಾಡಿಸ್ತೀನಿ. ಬ್ರಷ್ಷು, ಪೇಸ್ಟು ಇಲಾಖೆಯಿಂದಲೇ ಬರೋ ಹಾಗೆ ಮಾಡಿಸ್ತೀನಿ."

ಹೀಗೆ ಹುಟ್ಟಿತು 'ದಂತಪಂಕ್ತಿ' ಎಂಬ ಮಹಾಯೋಜನೆ. ಸ್ಲೈಡುಗಳು ತಯಾರಾದವು. ಮೊದಲನೆಯದರಲ್ಲಿ ಕಿಟಕಿಯ ನಗು, ಕೊನೆಯದರಲ್ಲೂ ಅದೇ ನಗು, ನಡುವೆ ಬಾಣಗಳು. ಇಲಾಖೆಯ ಸಮಿತಿ ಒಪ್ಪಲು ಇದ್ದ ಷರತ್ತು ಒಂದೇ. ಹೊಸ ಪದ್ಧತಿ ಇರುವ ಶಾಲೆಯ ಜೊತೆ, ಅದೇ ಊರಿನಲ್ಲಿ ಆ ಪದ್ಧತಿ ಇಲ್ಲದ ಒಂದು ಶಾಲೆಯನ್ನೂ ತೋರಿಸಬೇಕು. ಎರಡೂ ಕಡೆಯ ಮಕ್ಕಳ ಹಲ್ಲುಗಳನ್ನು ಒಂದು ವರ್ಷ ಹೋಲಿಸಿ ನೋಡಬೇಕು. ಅದಕ್ಕೆ ಹೋಲಿಕೆ ಶಾಲೆ ಎಂದು ಹೆಸರು.

"ಅದೇನ್ ಮಹಾ!" ಎಂದರು ಸಾಹೇಬರು. "ಒಳ್ಳೇ ಕೆಲಸ ಮಾಡದೇ ಇರೋರು ಒಬ್ಬರಾದ್ರೂ ಸಿಗಲ್ವಾ? ಇಲಾಖೆಯಲ್ಲಿ ಹುಡುಕೋಕೇ ಹೋಗ್ಬೇಕಾಗಿಲ್ಲ, ಎದುರಿಗೇ ಸಿಗ್ತಾರೆ."

ಇಲಾಖೆಯ ಜೀಪಿನಲ್ಲಿ ಇಬ್ಬರೂ ಹೊರಟರು. ಮಾರುಕಟ್ಟೆ ಬೀದಿಯ ಶಾಲೆಗೆ ಹೋದರೆ ಬಾಗಿಲಲ್ಲೇ ಹದಿನಾಲ್ಕರ ಮಗ್ಗಿ ಕೇಳಿಸಿತು. ಒಳಗೆ ಮಕ್ಕಳು ಎದುರು ಬದುರು. ಅಲ್ಲಿನ ಟೀಚರ್ ಡಾಕ್ಟರಮ್ಮನನ್ನು ನೋಡಿ ಓಡಿಬಂದರು. "ನೀವು ಅವತ್ತು ಉಗಿಸಿದ್ರಲ್ಲ ಮೇಡಂ, ಅವತ್ತಿಂದ ಒಂದು ದಿನಾನೂ ತಪ್ಪಿಸಿಲ್ಲ."

ಸೇತುವೆಯಾಚೆಯ ಶಾಲೆಗೆ ಆ ಟೀಚರಿನ ತಂಗಿ ಕಲಿಸಿದ್ದಳು. ಬಸ್ ನಿಲ್ದಾಣದ ಹಿಂದಿನ ಶಾಲೆಗೆ ವರ್ಗವಾಗಿ ಬಂದ ಮೇಷ್ಟ್ರೊಬ್ಬರು ಸಾಮಾನಿನ ಜೊತೆ ಇದನ್ನೂ ಹೊತ್ತು ತಂದಿದ್ದರು. ಕಾರ್ಖಾನೆ ಬಡಾವಣೆಯ ಶಾಲೆಗೆ ಯಾರೂ ಕಲಿಸಿರಲೇ ಇಲ್ಲ; ಮಕ್ಕಳು ಬೀದಿಯಲ್ಲಿ ಆಡುತ್ತ ಆಡುತ್ತ ಅಂಟಿಸಿಕೊಂಡು ಬಂದಿದ್ದರು, ನೆಗಡಿಯ ಹಾಗೆ. ಅಲ್ಲಿನ ಮುಖ್ಯೋಪಾಧ್ಯಾಯಿನಿ ಹೆಮ್ಮೆಯಿಂದ, "ನಮ್ಮದು ಹದಿನಾರರಿಂದ ಶುರು ಸಾರ್. ಅವರದಕ್ಕಿಂತ ನಮ್ಮ ಲೆಕ್ಕಾನೂ ಗಟ್ಟಿ, ಹಲ್ಲೂ ಗಟ್ಟಿ" ಎಂದರು. ಬ್ರಷ್ಷು ಎಲ್ಲಿಂದ ಎಂದು ಕೇಳಿದರೆ, "ಮನೆಯಿಂದಲೇ ತರ್ತಾರೆ. ಮಗ್ಗಿ ಬರುತ್ತೆ ಅಂದ್ರೆ ಯಾವ ಅಪ್ಪ ಅಮ್ಮ ಬೇಡ ಅಂತಾರೆ?"

ಜೀಪಿನಲ್ಲಿ ಸಾಹೇಬರು ತಲೆಯ ಮೇಲೆ ಕೈ ಹೊತ್ತರು. "ಒಳ್ಳೇದನ್ನ ಕದಿಯೋ ಕಳ್ಳರು ಇಷ್ಟು ಜನ ಇದ್ದಾರೆ ಅಂತ ನನಗೆ ಗೊತ್ತಿರ್ಲಿಲ್ಲ." ಆಮೇಲೆ ಹಿಂದೆ ತಿರುಗಿ ನೋಡಿದರು. "ಡಾಕ್ಟರಮ್ಮ, ನೀವು ನಗ್ತಿದೀರಾ?"

"ಇಲ್ಲ ಸಾರ್. ಹಲ್ಲು ಗಾಳಿಗೆ ಒಣಗ್ಲಿ ಅಂತ ಬಿಟ್ಕೊಂಡಿದೀನಿ." ನಗು ನಿಂತ ಮೇಲೆ ಅವರೇ ಹೇಳಿದರು: "ಒಂದು ಶಾಲೆ ಉಳಿದಿದೆ. ನಮ್ಮ ಭಾವನದು."

ಭಾವ, ಅಂದರೆ ಡಾಕ್ಟರಮ್ಮನ ಅಕ್ಕನ ಗಂಡ, ಊರಂಚಿನ ಶಾಲೆಯ ಹೆಡ್ಮಾಸ್ಟರು. ಮಕ್ಕಳಿಂದ ಹಿಡಿದು ಗೇಟಿನ ಕಾವಲುಗಾರನ ತನಕ ಎಲ್ಲರೂ ಹಿಂದಿನಿಂದ ಕರೆಯುವುದು ಬೇಡಪ್ಪ ಮೇಷ್ಟ್ರು ಎಂದು. ಹೊಸ ಸಮವಸ್ತ್ರ? ಬೇಡಪ್ಪ. ಪ್ರವಾಸ? ಬೇಡಪ್ಪ. ಡಾಕ್ಟರಮ್ಮ ಮೊದಲ ಸಲ ಬ್ರಷ್ಷು ಹಿಡಿದು ಹೋದಾಗ, "ಶಾಲೆ ಇರೋದು ಬುದ್ಧಿ ತಿಕ್ಕೋಕೆ ಕಣಮ್ಮ, ಹಲ್ಲು ತಿಕ್ಕೋಕಲ್ಲ" ಎಂದು ವಾಪಸು ಕಳಿಸಿದ್ದರು. ಇದಕ್ಕೆ ಅಕ್ಕ ಸಮಾಧಾನ ಹೇಳಿದ್ದು ಹೀಗೆ: "ಬೇಜಾರಾಗ್ಬೇಡವೇ. ನನ್ನನ್ನ ನೋಡೋಕೆ ಬಂದಾಗ್ಲೂ ಮೊದಲು ಬೇಡ ಅಂತಲೇ ಅಂದಿದ್ರು."

ಸಾಹೇಬರ ಮುಖ ಅರಳಿತು. ಅಂಥ ಗಟ್ಟಿ ಮನುಷ್ಯನೇ ಈಗ ಅವರಿಗೆ ಬೇಕಾಗಿದ್ದದ್ದು.

"ಏನ್ ನಾದಿನಿ, ಜೀಪಲ್ಲಿ ಸವಾರಿ!" ಎಂದರು ಭಾವ, ತಮ್ಮ ಕೋಣೆಯ ಬಾಗಿಲಲ್ಲಿ ನಿಂತು. ವಿಷಯ ಕೇಳಿದ ಮೇಲೆ ಎದೆ ಉಬ್ಬಿಸಿದರು. "ನಮ್ಮಲ್ಲಿ ಹಲ್ಲೂ ಇಲ್ಲ, ಗಿಲ್ಲೂ ಇಲ್ಲ. ಅಂಥ ಕಾರ್ಯಕ್ರಮ ನಾನು ಗೇಟಿನ ಒಳಗೇ ಬಿಟ್ಟಿಲ್ಲ. ಬೇಕಾದ್ರೆ ಬರೆದುಕೊಡ್ತೀನಿ."

"ಬರೆದುಕೊಡಿ ಸಾರ್, ಬರೆದುಕೊಡಿ!" ಎಂದರು ಸಾಹೇಬರು.

"ಮೊದಲು ಮಕ್ಕಳ ಬಾಯಿ ನೋಡೋಣ" ಎಂದರು ಡಾಕ್ಟರಮ್ಮ.

ಭಾವನ ಎದೆ ಒಂದು ಅಂಗುಲ ಇಳಿಯಿತು. ಬೇಡ ಎನ್ನುವುದು ರೂಢಿಯಾಗಿದ್ದರೂ ಆ ಸಲ ಮಕ್ಕಳನ್ನು ಕರೆಸಿದರು.

ಒಂದು ತರಗತಿಯ ಮಕ್ಕಳು ಸಾಲಾಗಿ ಬಂದರು. ಗುಲಾಬಿ ತೊಟ್ಟು ಬಿತ್ತು. ಬಣ್ಣ ಅಲ್ಲಲ್ಲಿ ತೆಳುವಾಗಿ ಕೂತಿತು. ಮೇಲಿನ ಎಡಸಾಲಿನಲ್ಲಿ ಮಾತ್ರ ಕೂರಲು ಜಾಗವೇ ಇಲ್ಲದೆ ಜಾರಿತು. ಎರಡನೇ ಮಗು, ಮೂರನೇ ಮಗು, ಎಲ್ಲರದ್ದೂ ಅದೇ ಫಳಫಳ.

ಡಾಕ್ಟರಮ್ಮ ನೆಟ್ಟಗೆ ನಿಂತರು. "ಭಾವ, ಇಲ್ಲಿ ಹದಿಮೂರರ ಮಗ್ಗಿ ಯಾರು ಹೇಳಿಸ್ತಾರೆ?"

ಭಾವ ಕನ್ನಡಕ ತೆಗೆದು ಒರೆಸಿದರು. ಅದು ಕೊಳೆಯಾಗೇನೂ ಇರಲಿಲ್ಲ.

"ನಾನೇ" ಎಂದರು. "ಅದು ಮಗ್ಗಿ ಪೀರಿಯಡ್ಡು. ಮಗ್ಗಿ ಹೇಳೋವಾಗ ಎದುರಿಗಿರೋ ಮಕ್ಕಳು ಬಾಯಲ್ಲಿ ಏನಿಟ್ಕೊಂಡಿರ್ತಾರೆ ಅಂತ ನಾನು ನೋಡೋಕೆ ಹೋಗಲ್ಲ."

"ಭಾವ!"

"ಏನು ಭಾವ ಭಾವ? ದವಡೆ ನೋವು ಅಂತ ನಿನ್ನ ಹತ್ರ ಬಂದಿದ್ನಲ್ಲ, ಆಗ ನೀನು ಯಾರದೋ ಬಾಯಲ್ಲಿ ಕೈ ಇಟ್ಕೊಂಡು ನನ್ನನ್ನ ಹೊರಗೆ ಕೂರಿಸಿದ್ದೆ. ಹಿಂದಿನ ಶಾಲೆಯಿಂದ ಹದಿನೈದರ ಮಗ್ಗಿ ಕೇಳಿಸ್ತು. ನನ್ನ ಮಕ್ಕಳಿಗೆ ಹನ್ನೆರಡೂ ಬರ್ತಿರ್ಲಿಲ್ಲ. ಹೊಟ್ಟೆ ಉರೀತು. ಗೋಡೆ ಮೇಲಿಂದ ಇಣುಕಿ ನೋಡ್ದೆ. ಬ್ರಷ್ಷೆಲ್ಲ ನಿಮ್ಮಕ್ಕನೇ ತಂದುಕೊಟ್ಳು. ನಿನಗೆ ಹೇಳ್ಬೇಡ ಅಂತ ಆಣೆ ಹಾಕ್ಸಿದ್ದೆ."

"ಅಕ್ಕ ಬಾಯಿ ಬಿಡದೇ ಇದ್ಲಾ? ಆ ಪವಾಡಕ್ಕೆ ಮೊದಲು ಆದೇಶ ಆಗ್ಬೇಕು."

ಸಾಹೇಬರು ಮಾತ್ರ ನಗುವ ಸ್ಥಿತಿಯಲ್ಲಿರಲಿಲ್ಲ. ಈ ಶಾಲೆಯೂ ಕೈಬಿಟ್ಟರೆ ಯೋಜನೆ ಕೈಬಿಟ್ಟ ಹಾಗೆ. ಅದನ್ನು ಅವರು ಭಾವನಿಗೆ ಬಿಡಿಸಿ ಹೇಳಿದರು. ಆದೇಶ ಬರದಿದ್ದರೆ ಇಲಾಖೆಯಿಂದ ಬ್ರಷ್ಷು ಇಲ್ಲ, ಹೊಸ ಡಾಕ್ಟರು ಶಾಲೆಗೆ ಬರಬೇಕೆಂಬ ನಿಯಮವೂ ಇಲ್ಲ, ನಿಮ್ಮ ನಾದಿನಿಯ ಇಷ್ಟು ವರ್ಷದ ಕೆಲಸಕ್ಕೆ ಒಂದು ಮುದ್ರೆಯೂ ಇಲ್ಲ ಎಂದರು.

ಭಾವ ಮೇಜಿನ ಅಂಚು ಸವರಿದರು. ಆಮೇಲೆ ಮೆಲ್ಲಗೆ, "ಹಾಗಾದ್ರೆ ಒಂದು ವರ್ಷ ನಿಲ್ಲಿಸ್ತೀನಿ. ನಾಳೆಯಿಂದ ಬ್ರಷ್ಷು ಬಂದ್. ನೀವು ಬಂದು ನೋಡ್ಕೊಳ್ಳಿ, ಹೋಲಿಸ್ಕೊಳ್ಳಿ" ಎಂದು ನಾದಿನಿಯ ಕಡೆ ತಿರುಗಿದರು. "ನಿನಗೆ ಒಂದ್ಸಲಾನೂ ಹೂಂ ಅಂದಿಲ್ಲ ಕಣಮ್ಮ. ಇದೊಂದಕ್ಕೆ ಅಂತೀನಿ."

ಸಾಹೇಬರು ಡಾಕ್ಟರಮ್ಮನ ಮುಖ ನೋಡಿದರು. ಬಯಸಿದ್ದು ಬಾಯಿಗೇ ಬಂದಿತ್ತು. ನುಂಗಿದರೆ ಆಯಿತು.

ಡಾಕ್ಟರಮ್ಮ ಹೊರಗೆ ನೋಡುತ್ತಿದ್ದರು. ತೊಟ್ಟು ಹಾಕಿಸಿಕೊಂಡ ಮಕ್ಕಳು ಅಂಗಳದಲ್ಲಿ ಒಬ್ಬರಿಗೊಬ್ಬರು ಗುಲಾಬಿ ಹಲ್ಲು ಕಿರಿದು ತೋರಿಸಿಕೊಳ್ಳುತ್ತಿದ್ದರು.

"ಬೇಡಪ್ಪ" ಎಂದರು.

"ಏನಂದೆ?"

"ಬೇಡಪ್ಪ ಅಂದೆ. ನಿಮ್ಮ ಮಾತೇ ನಿಮಗೆ ಅರ್ಥವಾಗಲ್ವಾ ಭಾವ? ಈ ಮಕ್ಕಳ ಹಲ್ಲು ಹುಳುಕಾಗ್ಲಿ ಅಂತ ಒಂದು ವರ್ಷ ಕಾದು ಕೂತು, ಆದಷ್ಟನ್ನ ಸ್ಲೈಡಲ್ಲಿ ತೋರಿಸ್ಲಾ? ಅದು ಬಿದ್ದು ಬರೋ ಹಲ್ಲಲ್ಲ, ಬಂದು ಉಳೀಬೇಕಾದ ಹಲ್ಲು. ಆಮೇಲೆ ಆ ನೋವಿಗೆ ಮುದ್ರೆ ಒತ್ತೋಕೆ ನನ್ನ ಕೈಲಾಗಲ್ಲ." ಭಾವನ ಕಡೆ ತಿರುಗಿದರು. "ಆದೇಶ ಬರದಿದ್ರೆ ಬೇಡ. ನಾನು ಹೋದ ಮೇಲೆ ನೀವು ನಿಲ್ಲಿಸ್ತೀರಾ, ಹೇಳಿ?"

ಭಾವನಿಗೆ ನಿಜವಾಗಿ ಸಿಟ್ಟು ಬಂತು. "ನಿಲ್ಲಿಸೋದಾ? ನೀನಿದ್ರೆ ಹೇಗೆ, ಇಲ್ದಿದ್ರೆ ಹೇಗೆ? ನನ್ನ ಮಕ್ಕಳು ಈಗ ಹದಿನೆಂಟರ ಮಗ್ಗಿ ಹೇಳ್ತಾರೆ! ಕಾರ್ಖಾನೆ ಬಡಾವಣೆಯವರನ್ನ ಈ ವರ್ಷ ಮೀರಿಸ್ಬೇಕು. ನಿಲ್ಲಿಸ್ತೀರಾ ಅಂತಾಳೆ!"

ಡಾಕ್ಟರಮ್ಮ ಸೀಸೆಯ ಮುಚ್ಚಳವನ್ನು ಎರಡು ಸಲ ಓರೆಯಾಗಿ ಹಾಕಿದರು. ಕೊನೆಗೆ ಭಾವನೇ ಅದನ್ನು ಇಸಿದುಕೊಂಡು ತಿರುಗಿಸಿ ಕೊಟ್ಟರು.

ಸ್ಲೈಡು ಸಾಹೇಬರು ಸುಲಭಕ್ಕೆ ಸೋಲುವ ಆಸಾಮಿಯಲ್ಲ. ಹೋಲಿಕೆ ಶಾಲೆ ಇಲ್ಲದೆಯೇ ಸಮಿತಿಯ ಮುಂದೆ ನಿಂತರು. ಉದ್ದನೆಯ ಮೇಜು, ಮೇಜಿನ ತುಂಬ ನೀರಿನ ಬಾಟಲಿ, ಪ್ರತಿ ಬಾಟಲಿಯ ಹಿಂದೆ ಒಬ್ಬ ಸದಸ್ಯರು. ಸಾಹೇಬರು ಅವರಿಗೆಲ್ಲ ಬ್ರಷ್ಷು ಹಂಚಿ ಎದುರು ಬದುರು ಕೂರಿಸಿದರು. ಇಲಾಖೆಯ ಇತಿಹಾಸದಲ್ಲಿ ಮೊದಲ ಸಲ ಒಂದು ಸಮಿತಿಯ ಅರ್ಧ ಬಾಯಿ ಸುಮ್ಮನಿತ್ತು. ಅಧ್ಯಕ್ಷೆ ಹದಿಮೂರೆಂಟ್ಲಿಗೆ ತಡವರಿಸಿದರು; ಅವರ ಎದುರಿನ ಸದಸ್ಯರು ಕೈ ಸೋಲುವ ತನಕ ಉಜ್ಜಿದರು. ಎಲ್ಲರೂ ಲೋಟಕ್ಕೆ ಉಗಿದು, ಎದ್ದು ನಿಂತು, ಹಿಂದಿನ ಸಾಲಿನಲ್ಲಿ ಕೂತಿದ್ದ ಡಾಕ್ಟರಮ್ಮನ ಕಡೆ ತಿರುಗಿ ಚಪ್ಪಾಳೆ ತಟ್ಟಿದರು. ಅದು ಬರೀ ಮರ್ಯಾದೆಯ ಚಪ್ಪಾಳೆಯಾಗಿರಲಿಲ್ಲ.

"ಅದ್ಭುತ ಡಾಕ್ಟರೇ" ಎಂದರು ಅಧ್ಯಕ್ಷೆ. "ಯಾರೂ ಹೇಳದೆ, ಯಾರೂ ಹೊಡೆಯದೆ, ಒಂದು ಊರಿಗೆ ಊರೇ ಕಲಿತಿದ್ದು ನಾನು ಕೇಳೇ ಇಲ್ಲ." ಆಮೇಲೆ ಕನ್ನಡಕ ಏರಿಸಿ ನಿಯಮದ ಪುಟ ತಿರುಗಿಸಿದರು. "ಆದ್ರೆ ಒಂದು ಸಣ್ಣ ತೊಡಕು. ಈ ಯೋಜನೆ ಇರೋದು, ಪದ್ಧತಿ ಇಲ್ಲದ ಶಾಲೆಗಳಿಗೆ ಅದನ್ನ ಹರಡೋಕೆ. ಮೊದಲು ಅದೇ ಊರಲ್ಲಿ ಹರಡಿ ತೋರಿಸಿದ ಮೇಲೇನೇ ಬೇರೆ ಊರಿಗೆ. ಅಂಥ ಶಾಲೆ ಆ ಊರಲ್ಲಿ ಎಷ್ಟಿದೆ?"

"ಒಂದೂ ಇಲ್ಲ ಮೇಡಂ" ಎಂದರು ಸಾಹೇಬರು.

"ಹಾಗಾದ್ರೆ ಎಲ್ಲಿಗೆ ಹರಡ್ತೀರಾ?"

"ಮೇಡಂ, ಹಾಗಂದ್ರೆ... ಇದು ಹರಡದೇ ಇದ್ದಿದ್ರೆ, ಹರಡೋಕೆ ಒಪ್ಪಿಗೆ ಸಿಗ್ತಿತ್ತಾ?"

"ಖಂಡಿತ ಸಿಗ್ತಿತ್ತು" ಎಂದರು ಅಧ್ಯಕ್ಷೆ, ಮನಃಪೂರ್ವಕ ಬೇಸರದಿಂದ. ಸದಸ್ಯರೆಲ್ಲ ಬೇಸರದಿಂದಲೇ ತಲೆಯಾಡಿಸಿದರು. ಮಹತ್ವಾಕಾಂಕ್ಷೆಯ ದಂತಪಂಕ್ತಿ ಯೋಜನೆಯನ್ನು, ಜಾರಿ ಮಾಡಲು ಊರಿನಲ್ಲಿ ಸ್ಥಳಾವಕಾಶ ಇಲ್ಲದಿರುವ ಕಾರಣ, ಸರ್ವಾನುಮತದಿಂದ ಕೈಬಿಡಲಾಯಿತು.